ಕೊಡು ಇಲ್ಲಿ, ನಾನು ಮಡಿಸ್ತೀನಿ!

ಬೇಸಿಗೆ ರಜದಲ್ಲಿ ಮಕ್ಕಳಿರುವ ಮನೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೇ? ಒಂಬತ್ತಕ್ಕೆ ತಿಂಡಿ ಮುಗಿದರೆ ಒಂಬತ್ತೂಕಾಲಿಗೆಲ್ಲ "ಈಗೇನ್ ಮಾಡ್ಲಿ?" ಶುರುವಾಗುತ್ತದೆ. ಹತ್ತರ ಹೊತ್ತಿಗೆ ದಿಂಬುಗಳೆಲ್ಲ ನೆಲದ ಮೇಲೆ. ಹನ್ನೊಂದಕ್ಕೆ ನಮಗೇ ಸಾಕಾಗಿ, "ತಗೋ, ಅರ್ಧ ಗಂಟೆ ಮಾತ್ರ" ಎಂದು ಮೊಬೈಲನ್ನು ಕೈಗೆ ಕೊಟ್ಟು ಅಡಿಗೆಮನೆಗೆ ಓಡುತ್ತೇವೆ. ಆ ಅರ್ಧ ಗಂಟೆ ಎಷ್ಟು ಉದ್ದವಾಗುತ್ತದೆಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಹೋದ ಬೇಸಿಗೆಯಲ್ಲಿ ನಮ್ಮ ಮೊಮ್ಮಗ ಪುಟ್ಟ, ಏಳು ವರ್ಷದವನು, ಬೆಂಗಳೂರಿನಿಂದ ಎರಡು ತಿಂಗಳಿಗೆಂದು ಮೈಸೂರಿಗೆ ನಮ್ಮಲ್ಲಿಗೆ ಬರುವುದಿತ್ತು. ನಾನು ಚಕ್ಕುಲಿ, ಕೋಡುಬಳೆ ಎಲ್ಲ ಕರಿದು ಡಬ್ಬಿ ತುಂಬಿಸಿ ಕಾಯುತ್ತಿದ್ದೆ. ಇನ್ನು ನಾಲ್ಕು ದಿನವಿದೆ ಎನ್ನುವಾಗ ಬಚ್ಚಲುಮನೆಯಲ್ಲಿ ಕಾಲು ಜಾರಿತು. ಬೀಳುವಾಗ ಊರಿದ್ದು ಬಲಗೈ. ಮಣಿಕಟ್ಟು ಮುರಿದಿತ್ತು. ಡಾಕ್ಟರು ಮೊಣಕೈ ಕೆಳಗಿನಿಂದ ಅಂಗೈವರೆಗೆ ಪ್ಲಾಸ್ಟರ್ ಹಾಕಿ, "ಆರು ವಾರ ಈ ಕೈಗೆ ಪೂರ್ತಿ ರಜ, ಬೆರಳು ಮಾತ್ರ ಆಡಿಸುತ್ತಿರಿ" ಎಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆರು ಗಂಟೆ ಸುಮ್ಮನೆ ಕೂತವಳಲ್ಲ ನಾನು! ಅಡಿಗೆಗೆ ಒಬ್ಬಾಕೆಯನ್ನು ಗೊತ್ತುಮಾಡಿದ್ದಾಯಿತು. "ಪುಟ್ಟನ್ನ ಕಳಿಸೋದು ಬೇಡ ಬಿಡಮ್ಮ, ನಿನಗೆ ಕಷ್ಟ" ಎಂದಳು ಮಗಳು. ಕಳಿಸು ಎಂದು ನಾನೇ ಹಟ ಹಿಡಿದೆ.

ಮೊದಲ ಎರಡು ದಿನ ಹೇಗೋ ಕಳೆಯಿತು. ಮೂರನೆಯ ದಿನ ಮಾರುವುದಕ್ಕೆಂದು ಕಟ್ಟಿಟ್ಟಿದ್ದ ಹಳೇ ಪೇಪರಿನ ಹೊರೆ ಕಣ್ಣಿಗೆ ಬಿತ್ತು. "ಪುಟ್ಟಾ, ದೋಣಿ ಮಾಡೋಣ ಬಾ" ಎಂದೆ. ನಾವು ಚಿಕ್ಕವರಿದ್ದಾಗ ಮಳೆ ಬಂದರೆ ಸಾಕು, ಸಾದಾ ದೋಣಿ, ಕತ್ತಿ ದೋಣಿ ಎಂದು ಲೆಕ್ಕವಿಲ್ಲದಷ್ಟು ಮಾಡಿ ಚರಂಡಿಯಲ್ಲಿ ಬಿಡುತ್ತಿದ್ದೆವು. ಕಣ್ಣು ಮುಚ್ಚಿಕೊಂಡು ಮಡಿಸಬಲ್ಲೆ ಎಂಬ ಜಂಬ ನನಗೆ. 

"ಒಂದು ಹಾಳೆ ತಗೋ. ಹೀಗೆ ಮಡಿಸು" ಎಂದೆ.

"ಹೀಗೆ ಅಂದ್ರೆ ಹೇಗೆ ಅಜ್ಜಿ?"

"ಹೀಗೇ ಕಣೋ, ಅದನ್ನ ಇಲ್ಲಿಗೆ ತಂದು..."

"ಯಾವುದನ್ನ? ಎಲ್ಲಿಗೆ?"

ನನ್ನ ಬಂಡವಾಳ ಅಲ್ಲಿಗೆ ಬಯಲಾಯಿತು ನೋಡಿ. ಕೈಯಿದ್ದಾಗ 'ಹೀಗೆ' ಎನ್ನುವ ಒಂದು ಮಾತು ಸಾಕಾಗಿತ್ತು. ಕೈ ಹೋದ ಮೇಲೆ ಆ ಮಾತಿಗೆ ಬೆಲೆಯೇ ಇಲ್ಲ. ನಾನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ದೋಣಿ ಮಡಿಸುತ್ತಾ, ಒಂದೊಂದೇ ಹೆಜ್ಜೆಯನ್ನು ಬಾಯಲ್ಲಿ ಹೇಳಬೇಕಾಯಿತು. ಹಾಳೆಯನ್ನು ಮೇಲಿಂದ ಕೆಳಕ್ಕೆ ಅರ್ಧ ಮಡಿಸು. ಮಡಿಕೆ ಮೇಲಿರಲಿ. ಮೇಲಿನ ಎರಡು ಮೂಲೆಗಳನ್ನೂ ನಡುವಿಗೆ ತಂದು ಕೂಡಿಸು. ಕೆಳಗೆ ಎರಡು ಪಟ್ಟಿ ಉಳಿಯಿತಲ್ಲ, ಒಂದನ್ನು ಮುಂದೆ ಮೇಲಕ್ಕೆತ್ತು, ಇನ್ನೊಂದನ್ನು ಹಿಂದೆ ಮೇಲಕ್ಕೆತ್ತು. ಇದು ಟೋಪಿ. 'ಅಂಚು' ಎಂದರೆ ಅವನಿಗೆ ತಿಳಿಯದು, ಸೀರೆಯ ಅಂಚು ತೋರಿಸಿದೆ. ಮೂಲೆ ಅವನ ಬಾಯಲ್ಲಿ ಕಾರ್ನರ್ ಆಗಿತ್ತು. ಹೊರಮೈ, ಒಳಮೈ, ಮಡಿಕೆ, ಓರೆ, ತುದಿ... ಒಂದು ವಾರದಲ್ಲಿ ಈ ಮಾತುಗಳೆಲ್ಲ ಅವನಿಗೆ ಸಲೀಸಾದವು. ಜಪಾನಿನವರು ಉಬ್ಬಿ ನಿಲ್ಲುವ ಮಡಿಕೆಗೆ ಬೆಟ್ಟ ಎಂದೂ ತಗ್ಗುವ ಮಡಿಕೆಗೆ ಕಣಿವೆ ಎಂದೂ ಹೆಸರಿಟ್ಟಿದ್ದಾರೆ. ಪುಟ್ಟ ಅದನ್ನು 'ಚಾಮುಂಡಿ ಬೆಟ್ಟ' ಮತ್ತು 'ಚರಂಡಿ' ಎಂದು ಮಾಡಿಕೊಂಡ. ನಮ್ಮಲ್ಲಿ ಈಗಲೂ ಅದೇ ಹೆಸರು.

ಮೊದಲ ದಿನ ಟೋಪಿಯಲ್ಲಿಗೇ ನಿಂತಿತು. ಟೋಪಿಯ ಬಾಯಿ ಅಗಲಿಸಿ, ಎರಡು ಕೊನೆಗಳನ್ನೂ ಒಂದಕ್ಕೊಂದು ಕೂಡಿಸಿ ಚಪ್ಪಟೆ ಮಾಡಿದರೆ ಚೌಕವಾಗಬೇಕು. ಅದು ಅವನಿಗೆ ಬಗೆಹರಿಯಲಿಲ್ಲ. ಪೇಪರು ಹರಿಯಿತು, ಅವನು ಅತ್ತ. ಪ್ಲಾಸ್ಟರಿನೊಳಗೆ ನನ್ನ ಬೆರಳುಗಳು ಕುಣಿಯುತ್ತಿದ್ದವು. ಕೈ ನೆಟ್ಟಗಿದ್ದಿದ್ದರೆ ಆ ಕ್ಷಣವೇ "ಕೊಡು ಇಲ್ಲಿ" ಎಂದು ಕಸಿದುಕೊಂಡು, ಎರಡು ನಿಮಿಷದಲ್ಲಿ ದೋಣಿ ಮಾಡಿ ಅವನ ಕೈಗಿಡುತ್ತಿದ್ದೆ. ಅವನೂ ಕಣ್ಣೊರೆಸಿಕೊಂಡು ಆಡಲು ಹೋಗುತ್ತಿದ್ದ. ಮಾಡಲಾಗಲಿಲ್ಲ, ಅಷ್ಟೆ. ಮಾರನೆಯ ದಿನ ಅವನೇ ಪೇಪರು ಹಿಡಿದು ಬಂದ. ನಾಲ್ಕನೆಯ ಸಲಕ್ಕೆ ಚೌಕ ಬಂತು. ಅದರ ಕೆಳಗಿನ ತುದಿಗಳನ್ನು ಮುಂದೊಂದು ಹಿಂದೊಂದು ಮೇಲೆತ್ತಿ, ಮತ್ತೆ ಬಾಯಿ ಅಗಲಿಸಿ ಚಪ್ಪಟೆ ಮಾಡಿ, ಮೇಲಿನ ಎರಡು ಕಿವಿಗಳನ್ನು ಹಿಡಿದು ಎಳೆದಾಗ ಸೊಂಟ ತಿರುಚಿಕೊಂಡಂಥ ಒಂದು ದೋಣಿ ಹೊರಬಂತು. ಅವನ ಕಿರುಚಾಟಕ್ಕೆ ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದರು!

ಕಾಗದ ಮಡಿಸುವ ಈ ಆಟಕ್ಕೆ ಜಪಾನೀ ಭಾಷೆಯಲ್ಲಿ ಒರಿಗಾಮಿ ಎನ್ನುತ್ತಾರೆಂದು ನಿಮ್ಮಲ್ಲಿ ಅನೇಕರು ಬಲ್ಲಿರಿ. 'ಓರು' ಎಂದರೆ ಮಡಿಸು, 'ಕಾಮಿ' ಎಂದರೆ ಕಾಗದ. ಸಾವಿರ ಕೊಕ್ಕರೆಗಳನ್ನು ಮಡಿಸುವ ಬಗ್ಗೆ 1797ರಷ್ಟು ಹಿಂದೆಯೇ ಅವರಲ್ಲಿ ಒಂದು ಪುಸ್ತಕ ಅಚ್ಚಾಗಿದೆ. ಆದರೆ ಮಡಿಸುವ ಕೈಗಳೇನು ನಮಗೆ ಹೊಸತೇ? ನಮ್ಮಜ್ಜಿ ವೀಳ್ಯದೆಲೆ ಮಡಿಸಿ ಲವಂಗ ಚುಚ್ಚುತ್ತಿದ್ದ ಅಚ್ಚುಕಟ್ಟು ನೋಡಬೇಕಿತ್ತು. ಮುತ್ತುಗದೆಲೆಯ ದೊನ್ನೆ, ಶೆಟ್ಟರ ಅಂಗಡಿಯಲ್ಲಿ ಕಣ್ಣಮುಂದೆಯೇ ಮಡಿಸಿ ದಾರ ಸುತ್ತಿ ಕೊಡುತ್ತಿದ್ದ ಸಕ್ಕರೆ ಪೊಟ್ಟಣ, ಜೂನ್ ತಿಂಗಳಲ್ಲಿ ರಾತ್ರಿಯೆಲ್ಲ ಕೂತು ಮಕ್ಕಳ ಪುಸ್ತಕಗಳಿಗೆ ಹಾಕುತ್ತಿದ್ದ ಬೈಂಡು, ಎಲ್ಲವೂ ಅದೇ ವಿದ್ಯೆ.

ನಮ್ಮವರು ನಿವೃತ್ತ ಗಣಿತದ ಮೇಷ್ಟ್ರು. ನಾವಿಬ್ಬರೂ ಪೇಪರು ಹರಡಿಕೊಂಡು ಕೂತದ್ದು ನೋಡಿ ಅವರಿಗೂ ಹುರುಪು ಬಂತು. ಮದ್ರಾಸಿನಲ್ಲಿ ಟಿ. ಸುಂದರರಾಯರು ಎಂಬುವರು 1893ರಲ್ಲೇ ಬರೀ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕ ಬರೆದರಂತೆ. ಮುಂದೆ ಅದು ಅಮೆರಿಕದಲ್ಲೂ ಅಚ್ಚಾಯಿತಂತೆ. ಪುಟ್ಟಮಕ್ಕಳ ಕಿಂಡರ್‌ಗಾರ್ಟನ್ ಆಟಗಳಲ್ಲಿ ಕಾಗದ ಮಡಿಸುವುದೂ ಒಂದು, ಅದನ್ನು ನೋಡಿಯೇ ಅವರಿಗೆ ಈ ಯೋಚನೆ ಹೊಳೆದದ್ದು. ಇವರು ಒಂದು ತ್ರಿಕೋನ ಕತ್ತರಿಸಿ, ಮೂರು ಮೂಲೆಗಳನ್ನೂ ಕೆಳಗಿನ ಅಂಚಿನಲ್ಲಿ ಒಂದೆಡೆ ಬರುವಂತೆ ಮಡಿಸಿ, "ನೋಡೋ, ಮೂರೂ ಸೇರಿ ನೇರ ಗೆರೆ! ನೂರೆಂಬತ್ತು ಡಿಗ್ರಿ!" ಎಂದರು. ಪುಟ್ಟ ಅದನ್ನು ತಿರುಗಿಸಿ ನೋಡಿ, "ಇದು ಲಕೋಟೆ ತಾತ" ಎಂದ. ಮೇಷ್ಟ್ರು ಪೇಪರ್ ಓದಲು ಹೋದರು.

ನಿಮ್ಮ ಮನೆಯ ಮಗುವಿಗೂ ಕಲಿಸುವ ಮನಸ್ಸಿದ್ದರೆ ದೋಣಿಯಿಂದ ಶುರುಮಾಡಬೇಡಿ, ನನ್ನಂತೆ ಕಷ್ಟಪಡುತ್ತೀರಿ. ನಾಯಿಯಿಂದ ಶುರುಮಾಡಿ. ಮೊದಲು ಚೌಕ ಬೇಕು. ಹಳೇ ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಇಟ್ಟುಕೊಂಡು, ಅದರ ಮೇಲಂಚು ಎಡ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಬಲಮೂಲೆಯನ್ನು ಓರೆಯಾಗಿ ಮಡಿಸಿ. ಕೆಳಗೆ ಉಳಿದ ಪಟ್ಟಿಯನ್ನು ಕತ್ತರಿಸಿ ತೆಗೆದರೆ ಚೌಕ. ಅದು ಆಗಲೇ ತ್ರಿಕೋನವಾಗಿ ಮಡಿಸಿದೆಯಲ್ಲ? ಅದರ ಉದ್ದನೆಯ ಅಂಚು ಮೇಲಿರಲಿ, ತುದಿ ಕೆಳಗಿರಲಿ. ಮೇಲಿನ ಎರಡು ಮೂಲೆಗಳನ್ನು ಕೆಳಕ್ಕೆ ಇಳಿಬಿಟ್ಟರೆ ಕಿವಿ. ಕೆಳಗಿನ ತುದಿಯನ್ನು ಸ್ವಲ್ಪ ಮೇಲಕ್ಕೆ ಮಡಿಸಿದರೆ ಮೂತಿ. ಕಣ್ಣು, ಮೂಗು ಬರೆಯುವುದು ಮಗುವಿನ ಕೆಲಸ. ನಾಲ್ಕು ವರ್ಷದ ಮಗುವೂ ಮಾಡಬಲ್ಲದು. ಕಿವಿ ಒಂದು ಉದ್ದ ಒಂದು ಗಿಡ್ಡ ಆದರೆ ಆಗಲಿ. ಬೀದಿಯಲ್ಲಿ ಎಂತೆಂಥ ನಾಯಿಗಳಿರುವುದಿಲ್ಲ!

ಪೇಪರಿನಿಂದಲೇ ಚೌಕ ಮಾಡುವವರಿಗೆ ಒಂದು ಕಿವಿಮಾತು. ದಿನಪತ್ರಿಕೆಯ ಹಾಳೆ ಮೇಲಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಹಾವಿನ ಹಾಗೆ ಹೋಗುತ್ತದೆ. ಕಾಗದದ ನಾರೆಲ್ಲ ಹೆಚ್ಚಾಗಿ ಒಂದೇ ದಿಕ್ಕಿಗಿರುವುದೇ ಇದಕ್ಕೆ ಕಾರಣ.

ಮಗಳು ಶನಿವಾರ ಸಂಜೆಯ ಟ್ರೈನಿಗೆ ಬರುತ್ತಿದ್ದಳು. ಎರಡನೇ ವಾರ ಬಂದವಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತ ನಾಯಿಗಳನ್ನು ನೋಡಿದಳು. ಪುಟ್ಟ ಅಂದು ಲೋಟ ಮಡಿಸುತ್ತಿದ್ದ. ಕಾಲು ಗಂಟೆಯಾದರೂ ಬಂದಿರಲಿಲ್ಲ. ನಾನು ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು "ಎಡಮೂಲೆ... ಇನ್ನೂ ಸ್ವಲ್ಪ ಮೇಲೆ... ಈಗ ನೀನೇ ನೋಡು" ಎನ್ನುತ್ತಿದ್ದೆ. ಅವಳು ಚಪ್ಪಲಿ ಬಿಚ್ಚಿದವಳು ಅಲ್ಲೇ ನಿಂತು ನೋಡುತ್ತಿದ್ದಳು.

ರಾತ್ರಿ ಹಾಲು ಬಿಸಿಮಾಡುವಾಗ ನಗುತ್ತಲೇ, "ಅಮ್ಮ, ನಿನ್ನ ಕೈ ಮುರಿದದ್ದು ಅವನ ಪುಣ್ಯ" ಎಂದಳು.

"ಯಾಕೆ, ಹಾಗಂತೀಯ?"

"ನಾಲ್ಕನೇ ಕ್ಲಾಸಿನ ನನ್ನ ಕ್ರಾಫ್ಟ್ ಆಲ್ಬಂ ನೆನಪಿದೆಯಾ?"

ನೆನಪಿಲ್ಲದೆ ಏನು! ಕಾಗದದ ಹೂವು, ಹಕ್ಕಿ, ಮನೆ, ಬೀಸಣಿಗೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದು ಸ್ಟೀಲಿನ ಡಬ್ಬಿ ಕೊಟ್ಟಿದ್ದರು. ಬಂದವರಿಗೆಲ್ಲ ತೋರಿಸಿದ್ದೇನೆ.

"ಅದರಲ್ಲಿ ಒಂದಾದ್ರೂ ನಾನು ಮಾಡಿದ್ದಾ ಅಮ್ಮ? ನಾನು ಶುರುಮಾಡ್ತಿದ್ದೆ, ನೀನು ಕೊಡು ಇಲ್ಲಿ ಅಂತಿದ್ದೆ. ಸ್ಟೇಜಿನ ಮೇಲೆ ಹೋಗಿ ಡಬ್ಬಿ ಇಸ್ಕೊಂಡು ಬಂದೆ. ನನಗೆ ಇವತ್ತಿಗೂ ಒಂದು ದೋಣಿ ಮಡಿಸೋಕೆ ಬರಲ್ಲ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನಾನೂ ಎದುರು ಹೇಳುತ್ತಿದ್ದೆನೇನೋ. ಹೇಳಲು ಬೇಕಾದಷ್ಟಿತ್ತು. ಆಗ ಸಂಜೆ ಆರಕ್ಕೆ ಕೊಳಾಯಿ ನೀರು ಬರುತ್ತಿತ್ತು, ಏಳಕ್ಕೆ ನಿಲ್ಲುತ್ತಿತ್ತು. ಅತ್ತೆಯವರಿಗೆ ಎಂಟಕ್ಕೆ ಊಟವಾಗಬೇಕಿತ್ತು. ಬೆಳಿಗ್ಗೆ ಆಲ್ಬಂ ತರಲೇಬೇಕೆಂದು ಶಾಲೆಯಲ್ಲಿ ಹೇಳಿರುತ್ತಿದ್ದರು. ಮಗು ಮಡಿಸುವವರೆಗೆ ಕಾಯುವ ಪುರುಸೊತ್ತು ಯಾವ ತಾಯಿಗಿತ್ತು? ಇದೆಲ್ಲ ನಿಜವೇ. ಆದರೂ ಬಹುಮಾನ ಬಂದಾಗ ಹಿಗ್ಗಿದವಳು ನಾನು ಎನ್ನುವುದೂ ನಿಜ.

ಮರುದಿನ ಬೆಳಿಗ್ಗೆ ಯಾರೂ ಏಳುವ ಮುಂಚೆ ಎಡಗೈಯಲ್ಲೇ ಪೆಟ್ಟಿಗೆ ತೆಗೆದು ಆಲ್ಬಂ ಹುಡುಕಿದೆ. ಎಷ್ಟು ಅಚ್ಚುಕಟ್ಟು! ಮೂಲೆಗೆ ಮೂಲೆ, ಅಂಚಿಗೆ ಅಂಚು. ಮಗುವಿನ ಬೆರಳಿನ ಒಂದು ಕೊಳೆ ಗುರುತೂ ಇಲ್ಲ. ಮೊದಲ ಪುಟದಲ್ಲಿ ಅವಳ ಹೆಸರನ್ನು ಕೂಡ ನಾನೇ ಬರೆದಿದ್ದೆ.

ಸರಿ, ಲೋಟದ ವಿಷಯಕ್ಕೆ ಬರೋಣ. ಚೌಕವನ್ನು ತ್ರಿಕೋನವಾಗಿ ಮಡಿಸಿ, ಈ ಸಲ ಉದ್ದನೆಯ ಅಂಚು ನಿಮ್ಮ ಕಡೆಗಿರಲಿ, ತುದಿ ಮೇಲಿರಲಿ. ಎಡಮೂಲೆಯನ್ನು ಎದುರಿನ ಓರೆ ಅಂಚಿಗೆ ತಾಗುವಂತೆ ಮಡಿಸಿ. ಹಾಗೆ ಮಡಿಸಿದ ಭಾಗದ ಮೇಲಂಚು ಓರೆಯಾಗಿರದೆ, ಕೆಳಗಿನ ಅಂಚಿನಂತೆಯೇ ಮಟ್ಟವಾಗಿರಬೇಕು. ಪುಟ್ಟ ತಪ್ಪುತ್ತಿದ್ದುದು ಇಲ್ಲಿಯೇ. ಬಲಮೂಲೆಯನ್ನೂ ಹಾಗೆಯೇ ಎಡಗಡೆಯ ಅಂಚಿಗೆ ತನ್ನಿ. ಮೇಲೆ ಎರಡು ಪದರದ ತುದಿ ಉಳಿಯುತ್ತದೆ. ಮುಂದಿನ ಪದರವನ್ನು ಮುಂದಿನ ಜೇಬಿನೊಳಗೆ ಸಿಕ್ಕಿಸಿ, ಹಿಂದಿನದನ್ನು ಹಿಂದಕ್ಕೆ ಮಡಿಸಿ. ಬಾಯಿ ಅಗಲಿಸಿದರೆ ಲೋಟ. ಗೋಂದು ಬೇಡ, ದಾರ ಬೇಡ, ಸ್ವಲ್ಪ ಹೊತ್ತು ನೀರು ಕೂಡ ನಿಲ್ಲುತ್ತದೆ. ನಾವು ಇದರಲ್ಲಿ ಕಡ್ಲೆಪುರಿ ತುಂಬಿಕೊಂಡು ಜಗಲಿಯ ಮೇಲೆ ಕೂತು ತಿನ್ನುತ್ತಿದ್ದೆವು. ತಿನ್ನುವುದಕ್ಕಾದರೆ ಏನೂ ಬರೆಯದ, ಅಚ್ಚಾಗದ ಬಿಳಿ ಹಾಳೆಯನ್ನೇ ಬಳಸಿ. ಪೇಪರಿನ ಶಾಯಿ ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ.

ಇದನ್ನೆಲ್ಲ ಮೊಬೈಲಿನಲ್ಲೇ ತೋರಿಸುತ್ತಾರಲ್ಲ ಎನ್ನುವಿರಿ. ತೋರಿಸುತ್ತಾರೆ, ಮಗಳು ನಮಗೂ ಹಾಕಿಕೊಟ್ಟಳು. ಆದರೆ ಆ ಕೈಗಳ ಓಟವೇ ಓಟ. ಮಗು ಒಂದು ಮೂಲೆ ಹುಡುಕುವಷ್ಟರಲ್ಲಿ ಅಲ್ಲಿ ಕಪ್ಪೆ ತಯಾರಾಗಿ ನೆಗೆಯುತ್ತಿರುತ್ತದೆ. ನನ್ನ ಕೇಳಿದರೆ ಪುಸ್ತಕದ ಚಿತ್ರಗಳೇ ವಾಸಿ. ಚುಕ್ಕೆಗೆರೆ ಇದ್ದಲ್ಲಿ ಮಡಿಸು, ಬಾಣ ತೋರಿಸಿದ ಕಡೆಗೆ ತಿರುಗಿಸು, ಅಷ್ಟೆ. ಈ ಗುರುತುಗಳ ಪದ್ಧತಿಯನ್ನು ಹಾಕಿಕೊಟ್ಟವರು ಜಪಾನಿನ ಅಕಿರ ಯೋಶಿಜಾವ, 1911ರಲ್ಲಿ ಹುಟ್ಟಿ 2005ರವರೆಗೆ ಬಾಳಿದ ಹಿರಿಯರು. ಅಕ್ಷರ ಬರದ ಮಗುವೂ ಆ ಚಿತ್ರ ನೋಡಿ ಮಡಿಸಬಹುದು, ಬೇಕಾದಷ್ಟು ಹೊತ್ತು ನೋಡುತ್ತಲೂ ಕೂರಬಹುದು.

ಒಂದು ಮಧ್ಯಾಹ್ನ ಪುಟ್ಟ ನನ್ನ ಪ್ಲಾಸ್ಟರನ್ನು ಬೆರಳಿನಿಂದ ಬಡಿಯುತ್ತಾ, "ಅಜ್ಜಿ, ಸಾವಿರ ಕೊಕ್ಕರೆ ಮಡಿಸಿದ್ರೆ ಕೇಳಿಕೊಂಡಿದ್ದು ಆಗುತ್ತಂತೆ. ನಮ್ಮ ಮಿಸ್ ಹೇಳಿದ್ರು. ನಿನ್ನ ಕೈಗೆ ಮಾಡ್ಲಾ?" ಎಂದ. ಕೊಕ್ಕರೆ ಏಳು ವರ್ಷದ ಕೈಗೆ ಸುಲಭವಲ್ಲ. ಎರಡು ಹಾಳೆ ಹರಿದ ಮೇಲೆ ಅವನೇ ಒಂದು ತೀರ್ಮಾನಕ್ಕೆ ಬಂದ. "ನಾಯಿ ಮಾಡ್ತೀನಿ. ಸಾವಿರ ನಾಯಿ. ಅದೂ ನಡೆಯುತ್ತೆ ಅಲ್ವಾ?"

ನಡೆಯುತ್ತೆ ಎಂದೆ. ಆಮೇಲೆ ಅವನು ಕೇಳಿದ್ದು ನನಗೆ ಕಷ್ಟವಾಯಿತು. "ಜಪಾನಿನಲ್ಲಿ ಕೊಕ್ಕರೆ ಮಾಡಿದ್ಲಲ್ಲ ಆ ಹುಡುಗಿ, ಅವಳಿಗೆ ವಾಸಿಯಾಯ್ತಾ?"

ನಿಮಗೆ ಗೊತ್ತಿರಬಹುದು, ಅವಳ ಹೆಸರು ಸಡಾಕೊ ಸಸಾಕಿ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಎರಡು ವರ್ಷದ ಕೂಸು. ಅಂದು ಬದುಕಿ ಉಳಿದಳು, ಓಡಾಡಿಕೊಂಡು ಬೆಳೆದಳು. ಸುಮಾರು ಹತ್ತು ವರ್ಷದ ಮೇಲೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಮಲಗಿಕೊಂಡು, ಔಷಧಿ ಸುತ್ತಿ ಬಂದ ಕಾಗದವನ್ನೂ ಬಿಡದೆ ಕೊಕ್ಕರೆ ಮಡಿಸಿದಳು. 1955ರ ಅಕ್ಟೋಬರ್ 25ರಂದು ತೀರಿಕೊಂಡಾಗ ಅವಳಿಗೆ ಹನ್ನೆರಡು ವರ್ಷ. ಅವಳ ಜೊತೆ ಓದುತ್ತಿದ್ದ ಮಕ್ಕಳು ಹಣ ಕೂಡಿಸಲು ಮುಂದಾದದ್ದರಿಂದ 1958ರಲ್ಲಿ ಅಲ್ಲಿ ಒಂದು ಸ್ಮಾರಕ ಎದ್ದಿತು. ಈಗಲೂ ಊರೂರಿನ ಮಕ್ಕಳು ಅಲ್ಲಿಗೆ ಕಾಗದದ ಕೊಕ್ಕರೆಗಳ ಸರ ಕಳಿಸುತ್ತಾರೆ.

ಏಳು ವರ್ಷದ ಮಗುವಿಗೆ ಇದನ್ನು ಹೇಳಬೇಕೇ, ಸುಳ್ಳು ಹೇಳಿ ಮುಗಿಸಬೇಕೇ? ಇಲ್ಲೂ 'ಕೊಡು ಇಲ್ಲಿ' ಎಂದು ಕಥೆಯ ಕೊನೆಯನ್ನು ನಾನೇ ಚೆಂದ ಮಾಡಿ ಕೊಡಬಹುದಿತ್ತು. "ವಾಸಿಯಾಗಲಿಲ್ಲ ಕಣೋ. ಸತ್ತುಹೋದಳು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ನಾಯಿಯ ಕಿವಿ ಮಡಿಸಿದ. "ನಿಂದು ಬರೀ ಮೂಳೆ ಅಲ್ವಾ?" ಎಂದ. ಬರೀ ಮೂಳೆ ಎಂದೆ. "ಹಾಗಿದ್ರೆ ಸಾಕಾಗುತ್ತೆ" ಎಂದು ಇನ್ನೊಂದು ಹಾಳೆ ತೆಗೆದುಕೊಂಡ.

ಪ್ಲಾಸ್ಟರ್ ಬಿಚ್ಚುವ ದಿನ ನಾಯಿಗಳ ಸಂಖ್ಯೆ 213. ಕೈ ನನ್ನದೇ ಅಲ್ಲವೆನ್ನುವ ಹಾಗೆ ಸಣಕಲಾಗಿ, ಬೆರಳು ಮರಗಟ್ಟಿತ್ತು. ದಿನಾ ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ಬೇರೆ ಕೆಲಸವೇಕೆ, ಪುಟ್ಟನ ಪಕ್ಕದಲ್ಲಿ ಕೂತು ನಾನೂ ನಾಯಿ ಮಡಿಸಿದೆ. ಉಗುರಿನಿಂದ ಮಡಿಕೆ ತೀಡಲು ಬಲವಿಲ್ಲ, ಅಂಚಿಗೆ ಅಂಚು ಕೂರದು. ನನ್ನ ಮೊದಲ ನಾಯಿ ಅವನ ಮೊದಲ ನಾಯಿಗಿಂತ ಕಡೆಯಾಗಿತ್ತು! ಅವನು ಅದಕ್ಕೂ ಲೆಕ್ಕದಲ್ಲಿ ಜಾಗ ಕೊಟ್ಟ.

ಮೇ ಕೊನೆಯ ಶನಿವಾರ ಅವನನ್ನು ಕರೆದೊಯ್ಯಲು ಮಗಳು ಬಂದಳು. ಸಂಜೆ ಗುಡುಗಿ ಮಳೆ ಹಿಡಿಯಿತು, ಕರೆಂಟು ಹೋಯಿತು. ಅಂಗಳದಲ್ಲಿ ನೀರು ಹರಿಯತೊಡಗಿತು. ಅವಳು ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದು ನನ್ನ ಎದುರಿಗೆ ಕಾಲು ಮಡಿಚಿ ಕೂತಳು.

"ಅಮ್ಮ, ನನಗೂ ಹೇಳಿಕೊಡು. ಬಾಯಲ್ಲಿ ಮಾತ್ರ."

ಮೇಲಿಂದ ಕೆಳಕ್ಕೆ ಅರ್ಧ ಮಡಿಸು ಎಂದೆ. ಮಡಿಕೆ ಮೇಲಿರಲಿ ಎಂದೆ. ಟೋಪಿವರೆಗೆ ಸರಾಗವಾಗಿ ಬಂದಳು. ಮುಂದೆ, ಅವಳ ಮಗ ಅತ್ತಿದ್ದ ಜಾಗದಲ್ಲೇ, ಅವಳಿಗೂ ತಡೆಯಿತು. ತಿರುಗಿಸಿದಳು, ಮುರುಗಿಸಿದಳು. ಮೋಂಬತ್ತಿಯ ಬೆಳಕು ಬೇರೆ. "ಬಾಯಿ ಅಗಲಿಸು" ಎಂದರೆ ತಪ್ಪು ಬಾಯಿ ಅಗಲಿಸುತ್ತಾಳೆ. ಪುಟ್ಟ ಬಾಯಿ ಬಿಗಿಹಿಡಿದು ನೋಡುತ್ತಿದ್ದ. ನನ್ನ ಕೈಗೆ ಈಗ ಪ್ಲಾಸ್ಟರ್ ಇರಲಿಲ್ಲ. ನನಗೇ ತಿಳಿಯದೆ ಅದು ಮುಂದಕ್ಕೆ ಹೋಗಿತ್ತು. ಪುಟ್ಟ ನನ್ನ ಮುಖ ನೋಡಿದ.

ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನೊಳಗೆ ಸೇರಿಸಿಕೊಂಡೆ. ಮಳೆ ನಿಲ್ಲುವ ಸೂಚನೆಯೇನೂ ಇರಲಿಲ್ಲ.